ಹತ್ತು ಬಿಡಿಗೆ ಒಂದು ಕೋಟಿನ ಗುಂಡಿ

ನನ್ನ ಅಕ್ಷರ ಸೊಟ್ಟಗಿದೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ನಿಧಾನವಾಗಿಯೇ ಬರೆಯುತ್ತಿದ್ದೇನೆ, ಆದರೂ ಸಾಲುಗಳು ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗುತ್ತವೆ. ನನ್ನ ಹತ್ತಿರ ಮಾತುಗಳೂ ಕಡಿಮೆ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲು ನಾಚಿಕೆಯಾಗಿ ಶಾಲೆಯನ್ನೇ ಬಿಟ್ಟವಳು ನಾನು. ಅಂಥವಳು ಈ ವಾರ ಎದೆಯುಬ್ಬಿಸಿಕೊಂಡು ಒಂದು ಘೋಷಣೆ ಮಾಡಿಬಿಟ್ಟೆ!

"ಅಕ್ಕಾ, ಪುಟ್ಟಿಗೆ ಲೆಕ್ಕ ಕಲಿಸೋ ಸಾಮಾನು ನಾನೇ ಆರಿಸ್ತೀನಿ. ಈ ಭೂಮಂಡಲದಲ್ಲಿ ಯಾರೂ ಆರಿಸಿರಬಾರದು, ಅಂಥದ್ದು!"

ಪುಟ್ಟಿ ಅಕ್ಕನ ಮಗಳು, ಏಳು ವರ್ಷದವಳು. ಶಾಲೆಯಲ್ಲಿ ಲೆಕ್ಕದ ಪುಸ್ತಕ ತೆರೆದರೆ ಸಾಕು, ಅಳು. ಅದಕ್ಕೇ ಅಕ್ಕ ಅವಳನ್ನು ಬಿಡಿಸಿ ಮನೆಯಲ್ಲೇ ಪಾಠ ಎಂದು ತೀರ್ಮಾನಿಸಿದ್ದಳು. ಅಕ್ಕ ಹಗಲೆಲ್ಲ ಔಷಧಿ ಅಂಗಡಿಯಲ್ಲಿ ಇರುತ್ತಾಳೆ. ಹಾಗಾಗಿ ಟೀಚರ್ ಹುದ್ದೆ ನನಗೆ ಬಂತು.

"ಶನಿವಾರ ಸಂಜೆ ನಾನೇ ಕೇಳ್ತೀನಿ," ಎಂದಳು ಅಕ್ಕ. "ಅಳದೆ ಒಂದು ಲೆಕ್ಕ ಮಾಡಿದ್ರೆ ನಿನ್ನ ಹತ್ರಾನೇ ಕಲೀಲಿ. ಅತ್ತರೆ ಮತ್ತೆ ಶಾಲೆಗೆ. ನನಗೂ ಬೇರೆ ದಾರಿ ಇಲ್ಲ ಕಣೇ."

ಪುಟ್ಟಿ ನನ್ನ ಬೆನ್ನ ಹಿಂದೆ ಅಡಗಿದಳು. ನನಗೂ ಯಾರದಾದರೂ ಬೆನ್ನ ಹಿಂದೆ ಅಡಗಬೇಕೆನಿಸಿತು, ಆದರೆ ಅಲ್ಲಿ ಯಾರೂ ಇರಲಿಲ್ಲ.

ಆಯ್ಕೆಯ ಮಹಾಕಾರ್ಯ ಶುರುವಾಯಿತು. ಮೊದಲು ಪಕ್ಕದ ಮನೆಯಿಂದ ಮಣಿಚೌಕಟ್ಟು ತಂದೆ. ಪರೀಕ್ಷಿಸದೆ ಯಾವುದನ್ನೂ ಮಗುವಿನ ಕೈಗೆ ಕೊಡುವವಳಲ್ಲ ನಾನು. ಒಂದೊಂದು ಮಣಿಯನ್ನೂ ಸೋಪಿನ ನೀರಿನಲ್ಲಿ ತಿಕ್ಕಿದೆ. ಒಣಗಿದ ಮೇಲೆ ನೋಡಿದರೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದನ್ನು ತಳ್ಳಿದರೆ ಸಂಸಾರ ಸಮೇತ ಹೊರಟವು!

ಆಮೇಲೆ ಬಣ್ಣದ ಚಿತ್ರಗಳ ಪುಸ್ತಕ. ಒಬ್ಬನ ಬಳಿ ಹದಿನಾರು ಬಾಳೆಹಣ್ಣು ಇದ್ದವು, ಒಂಬತ್ತು ತಿಂದನು, ಉಳಿದದ್ದೆಷ್ಟು?

"ಒಂಬತ್ತೂ ಅವನೇ ತಿಂದನಾ ಚಿಕ್ಕಿ?"

"ಹೂಂ."

"ಹೊಟ್ಟೆ ನೋವು ಬರಲ್ವಾ?"

"ಬರಬಹುದು," ಎಂದೆ. ಸುಳ್ಳು ಹೇಳಬಾರದಲ್ಲ!

ಆ ಪುಣ್ಯಾತ್ಮನ ಹೊಟ್ಟೆನೋವಿಗೆ ಪುಟ್ಟಿ ಊಟದ ಹೊತ್ತಿನವರೆಗೂ ಅತ್ತಳು. ಪುಸ್ತಕ ಮುಚ್ಚಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಕೊಟ್ಟೆ. ಎಂಥ ಚೆಂದದ ಮನೆ ಕಟ್ಟಿದಳು ಅಂತೀರಿ! ಕಿಟಕಿ ಕೂಡ ಇತ್ತು. "ಈಗ ಇದರಲ್ಲಿ ಐದು ಇಟ್ಟಿಗೆ ಕಳಿ," ಎಂದೆ. "ಒಳಗೆ ಜನ ಮಲಗಿದ್ದಾರೆ," ಎಂದು ಕೈ ಅಡ್ಡ ಹಿಡಿದಳು. ಅವಳ ಕರುಣೆಯ ಮುಂದೆ ನನ್ನ ವ್ಯವಕಲನ ಶರಣಾಯಿತು.

ಶುಕ್ರವಾರವೂ ಬಂತು. ಅಕ್ಕನ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ನಮ್ಮಮ್ಮ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಮಷೀನಿನ ಪಕ್ಕ ಹಳೆಯ ಗುಂಡಿಗಳ ಡಬ್ಬಿ ಇರುತ್ತದೆ. ಅದನ್ನು ಚಾಪೆಯ ಮೇಲೆ ಸುರಿದುಕೊಂಡು ಪುಟ್ಟಿ ತಾನಾಗಿಯೇ ಗುಂಡಿಗಳನ್ನು ಬೇರೆ ಮಾಡುತ್ತಾ ಕೂತಿದ್ದಳು. ತುಟಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು! ಅಷ್ಟು ಶ್ರದ್ಧೆಯನ್ನು ನಾನು ಯಾವ ವಿದ್ಯಾರ್ಥಿಯಲ್ಲೂ ಕಂಡಿಲ್ಲ, ನನ್ನಲ್ಲಂತೂ ಮೊದಲೇ ಇಲ್ಲ.

ಸಾಮಾನು ಸಿಕ್ಕಿತು! ಅಂಗಿಯ ಚಿಕ್ಕ ಗುಂಡಿ ಒಂದು ಬಿಡಿ. ಕೋಟಿನ ಗುಂಡಿ ಒಂದು ಹತ್ತು. ಅಂಗೈಯಗಲದ ಗುಂಡಿ ನೂರು. ನಿಯಮಗಳನ್ನೂ ಹೇಳಿಕೊಟ್ಟೆ. ಬಾಯಿಗೆ ಹಾಕಬಾರದು, ಮೂಗಿಗೆ ಹಾಕಬಾರದು, ಕಿವಿಗೂ ಬೇಡ.

"ಚಿಕ್ಕಿ, ಕಳೆಯುವಾಗ ಬಿಡಿ ಸಾಲದೆ ಹೋದ್ರೆ?"

"ಒಂದು ಹತ್ತು ಕೊಟ್ಟು ಹತ್ತು ಬಿಡಿ ತಗೋಬೇಕು. ಮೋಸ ಮಾತ್ರ ಮಾಡಬಾರದು."

ಎಲ್ಲವನ್ನೂ ಹೇಳಿದ್ದೆ. ಯಾರಿಗೆ ಕೊಟ್ಟು ಯಾರಿಂದ ತಗೋಬೇಕು ಎನ್ನುವುದೊಂದನ್ನು ಬಿಟ್ಟು!

ಶನಿವಾರ ಮಧ್ಯಾಹ್ನ ಅಮ್ಮ ನೂಲು ತರಲು ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹೊರಗಿನ ಕೋಣೆಯಲ್ಲಿ ಸದ್ದೇ ಇಲ್ಲ. ಎಂಥ ಏಕಾಗ್ರತೆ ಎಂದು ನನ್ನ ಬೋಧನೆಗೆ ನಾನೇ ತಲೆದೂಗಿದೆ.

ಸಂಜೆ ಅಮ್ಮ ಬಂದಳು, ಅವಳ ಹಿಂದೆಯೇ ಬ್ಯಾಂಡ್ ಮೇಷ್ಟ್ರು ಬಂದರು. ಅವರ ತಂಡದ ಆರು ಕೆಂಪು ಅಂಗಿಗಳು ಇಸ್ತ್ರಿಯಾಗಿ ಗೋಡೆಗೆ ತೂಗುತ್ತಿದ್ದವು. ಮೇಷ್ಟ್ರದು ದೊಡ್ಡ ಶರೀರ, ಅದಕ್ಕೆ ತಕ್ಕ ಕಂಠ. ತಮ್ಮ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. ಅಂಗಿ ಮೇಲೂ ತೆರೆದಿತ್ತು, ಕೆಳಗೂ ತೆರೆದಿತ್ತು. ನಡುವೆ, ಸರಿಯಾಗಿ ಹೊಟ್ಟೆಯ ಮೇಲೆ, ಒಂದೇ ಒಂದು ಕಂದು ಬಣ್ಣದ ಕೋಟಿನ ಗುಂಡಿ! ಅದನ್ನು ಕಾಜಾದೊಳಗೆ ತೂರಿಸಲು ಮೇಷ್ಟ್ರು ಉಸಿರು ಒಳಗೆಳೆದರು. ಗುಂಡಿ ಹೋಗಲಿಲ್ಲ, ಉಸಿರು ಹೊರಬಂತು.

"ಏನಮ್ಮಾ ಇದು ಹೊಸ ಫ್ಯಾಷನ್ನು? ನಾಳೆ ಬೆಳಿಗ್ಗೆ ಜನರ ಮುಂದೆ ನಿಂತು ಬಾರಿಸಬೇಕು ನಾನು!"

ಅಮ್ಮ ಉಳಿದ ಅಂಗಿಗಳನ್ನು ನೋಡಿದಳು. ಆರಕ್ಕೂ ಅದೇ ಗತಿ! ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ.

"ಯಾರು ಮಾಡಿದ್ದು?" ಮೇಷ್ಟ್ರು ಗುಡುಗಿದರು.

ಪುಟ್ಟಿ ಮುಂದೆ ಬಂದಳು. ತುಟಿ ನಡುಗುತ್ತಿತ್ತು. ಅತ್ತರೆ ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

"ನಾನೇ. ಬಿಡಿ ಸಾಲಲಿಲ್ಲ. ಹತ್ತು ಬಿಡಿ ತಗೊಂಡು ಒಂದು ಹತ್ತು ಹೊಲಿದುಕೊಟ್ಟೆ. ಮೋಸ ಮಾಡಿಲ್ಲ."

ಮೇಷ್ಟ್ರು ಹೊಟ್ಟೆಯ ಮೇಲಿನ ಗುಂಡಿಯನ್ನೂ ಮಗುವನ್ನೂ ನೋಡಿದರು. "ಹಾಗೋ? ಅಂಗಿ ಆರು ಇವೆಯಲ್ಲ, ನನಗೆ ಎಷ್ಟು ಬಿಡಿ ವಾಪಸ್ ಬರಬೇಕು?"

"ಅರವತ್ತು. ಆದ್ರೆ ಮೊದಲು ನೀವು ನನ್ನ ಆರು ಹತ್ತು ಕೊಡಿ."

ಮೇಷ್ಟ್ರು ನಕ್ಕ ನಗುವಿಗೆ ಅವರು ಬೆರಳಲ್ಲಿ ಹಿಡಿದಿದ್ದ ಆ ಕೋಟಿನ ಗುಂಡಿ ಕಿತ್ತು ಮಷೀನಿನ ಮೇಲೆ ಬಿತ್ತು. "ಐದು ಹತ್ತು ಉಳೀತು," ಎಂದಳು ಪುಟ್ಟಿ ತಕ್ಷಣ. ಅಮ್ಮ ಬೈಯಬೇಕಾದವಳು ಅಂಗಿಯ ಒಳಮಗ್ಗುಲು ತಿರುಗಿಸಿ, "ನೋಡ್ರೇ, ನಾಲ್ಕೂ ತೂತಿಗೆ ದಾರ ಹಾಕಿದೆ ನನ್ನ ಬಂಗಾರ!" ಎಂದು ಎಲ್ಲರಿಗೂ ತೋರಿಸಿದಳು. ಇಂಥ ಅಜ್ಜಿ, ಇಂಥ ಮೊಮ್ಮಗಳು!

"ಅಳಲೇ ಇಲ್ಲ," ಎಂದಳು ಅಕ್ಕ, ಮೆಲ್ಲಗೆ.

ಮೇಷ್ಟ್ರನ್ನು ಕೂರಿಸಿ ಅಮ್ಮನೂ ನಾನೂ ಮೂರು ಮೂರು ಅಂಗಿ ಹಿಡಿದು ಗುಂಡಿ ಹಚ್ಚಲು ಕೂತೆವು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. "ನೋಡಿದ್ಯಾ ಅಕ್ಕಾ, ಸಾಮಾನು ಆರಿಸೋದು ಅಂದ್ರೆ ಹೀಗೆ! ಎಲ್ಲರಿಗೂ ಬರಲ್ಲ ಇದು!" ನನ್ನ ಮೂರೂ ಅಂಗಿಗಳನ್ನು ಮಡಚಿ ಜಂಬದಿಂದ ಮುಂದಿಟ್ಟೆ. ಪುಟ್ಟಿ ಬಿಚ್ಚಿ ಎಣಿಸಿದಳು.

"ಚಿಕ್ಕಿ, ಇದಕ್ಕೆ ಹನ್ನೊಂದು ಹಾಕಿದ್ದೀಯ. ಇದಕ್ಕೆ ಒಂಬತ್ತೇ."

ನನ್ನ ಮುಖ ಬ್ಯಾಂಡಿನ ಅಂಗಿಗಿಂತ ಕೆಂಪಾಯಿತು.

ಅಕ್ಕ ಚೀಲ ಕೆಳಗಿಟ್ಟು ಹೇಳಿದಳು: "ಪುಟ್ಟಿ ಇನ್ನು ಮನೇಲೇ ಇರಲಿ. ನಿನಗೂ ಲೆಕ್ಕಕ್ಕೆ ಒಬ್ಬ ಟೀಚರ್ ಬೇಕಲ್ಲ!"

ನಾನು ಹನ್ನೊಂದರಿಂದ ಒಂದನ್ನು ಕಿತ್ತು ಒಂಬತ್ತಕ್ಕೆ ಹಚ್ಚಿದೆ. ಸೋಮವಾರ ಗುಣಾಕಾರಕ್ಕೆ ಬೇಕಾದ ಸಾಮಾನನ್ನು ಆರಿಸುತ್ತೇನೆ, ಪುಟ್ಟಿಯನ್ನು ಕೇಳಿ.