ನಿಂಗರಾಜನ ಸೂಜಿ ಡಬ್ಬಿ

ರಟ್ಟಿನ ಪೆಟ್ಟಿಗೆಯ ತಳ ನೆನೆದು ಮೆತ್ತಗಾಗಿದ್ದೇ ಎಲ್ಲಕ್ಕೂ ಮೂಲ. ಕಿತ್ತೂರಿನ ಡಾಕ್ಟರ್ ಮಹಾದೇವರ ಸಣ್ಣ ದವಾಖಾನೆಯಲ್ಲಿ, ಬಳಸಿದ ಸೂಜಿಗಳನ್ನೆಲ್ಲ ಸಲಾಯಿನ್ ಬಾಟಲಿಗಳು ಬಂದ ಖಾಲಿ ಪೆಟ್ಟಿಗೆಗೆ ಎಸೆಯುವುದು ರೂಢಿ. ಅದನ್ನು ಎದೆಗವಚಿಕೊಂಡು ಹಿತ್ತಲ ಗುಂಡಿಗೆ ಒಯ್ಯುವುದು ವಾರ್ಡ್ ಬಾಯ್ ನಿಂಗರಾಜನ ಕೆಲಸ. ಒಂದು ದಿನ ತಳದಿಂದ ಇಣುಕಿದ ಸೂಜಿ ಅವನ ಅಂಗೈಗೆ ನೆಟ್ಟಿತು.

"ಹುಷಾರೋ ತಮ್ಮಾ, ಸೂಜಿ ಚುಚ್ಚೀತು" ಎಂದಳು ಆಯಾ ಬಾಯವ್ವ, ಚುಚ್ಚಿದ ಮೇಲೆ.

ನಿಂಗರಾಜನಿಗಿಂತ ಮೊದಲು ಇದೇ ಪೆಟ್ಟಿಗೆ ಹೊರುತ್ತಿದ್ದ ಲಕ್ಕಪ್ಪನಿಗೆ ಹೀಗೇ ಚುಚ್ಚಿ, ಯಾರದೋ ರಕ್ತದಿಂದ ಕಾಮಣಿ, ಅಂದರೆ ಕಾಮಾಲೆ, ಅಂಟಿ, ಈಗ ಆತ ತನ್ನೂರು ಚಚಡಿಯ ಮನೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಹಾಸಿಗೆ ಹಿಡಿದಿದ್ದ. ಡಾಕ್ಟರು ನಿಂಗರಾಜನ ರಕ್ತ ಪರೀಕ್ಷೆ ಮಾಡಿಸಿ, ಲಸಿಕೆ ಶುರು ಮಾಡಿದರು. "ಇನ್ನೂ ಎರಡು ಡೋಸ್ ಅದಾವ. ಅಲ್ಲೀತನಕ ಮತ್ತ ಚುಚ್ಚಿಸಿಕೋಬ್ಯಾಡ" ಎಂದರು, ಚುಚ್ಚಿಸಿಕೊಳ್ಳುವುದು ಅವನ ಹವ್ಯಾಸವೇನೋ ಎಂಬಂತೆ.

ನಿಂಗರಾಜ ಹಟ ತೊಟ್ಟ. ಹೈವೇ ಹೋಟೆಲಿನಿಂದ ಖಾಲಿ ಎಣ್ಣೆ ಡಬ್ಬಿ ತಂದ. ಸೂಜಿ ಹೋಗಬೇಕು, ಕೈ ಹೋಗಬಾರದು ಎಂದು ಮುಚ್ಚಳದಲ್ಲಿ ಸಣ್ಣ ಸೀಳು ಕೊರೆಸಿದ. ಯಾರೂ ತೆರೆಯಬಾರದೆಂದು ಕೀಲಿ ಹಾಕಿದ. ಅಪಾಯವೆಂದು ದೂರದಿಂದಲೇ ಗೊತ್ತಾಗಲೆಂದು ಕೆಂಪು ಬಣ್ಣ ಬಳಿದ.

"ಭಾಳ ಚೊಲೊ ಆತು ನೋಡು. ನಮಗ ಟ್ರೇನಿಂಗಿನ್ಯಾಗ ಹಿಂಗ ಹೇಳಿದ್ರು" ಎಂದಳು ಸಿಸ್ಟರ್ ಯಶೋಧಾ.

ಹುರುಪಿನಲ್ಲಿ ಅವನು ಪಂಚಾಂಗವೊಂದನ್ನು ನೋಡಿರಲಿಲ್ಲ. ಡಬ್ಬಿಯನ್ನು ವಾರ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲಿಟ್ಟಿದ್ದು ಅಮಾವಾಸ್ಯೆಯ ಬೆಳಿಗ್ಗೆ. ಚಹಾ ಕುಡಿದು ಬರುವಷ್ಟರಲ್ಲಿ ಅದಕ್ಕೆ ವಿಭೂತಿ, ಕುಂಕುಮ, ಚೆಂಡು ಹೂವು ಏರಿ, ಊದಿನಕಡ್ಡಿ ಹೊಗೆಯಾಡುತ್ತಿತ್ತು.

"ಇದೇನ ಬಾಯವ್ವಾ?"

"ಅಮಾಸಿ ದಿನ ಹೊಸಾ ಸಾಮಾನಕ್ಕ ಪೂಜಿ ಮಾಡಲಾರದ ಬಿಡ್ತಾರೇನೋ? ಡಾಕ್ಟರ್ ಸಾಹೇಬ್ರ ಸ್ಕೂಟರಿಗೂ ಮಾಡೇನಿ."

ಮೊಮ್ಮಗಳ ಹೆರಿಗೆಗೆ ಬಂದಿದ್ದ ಸೋಮವ್ವಜ್ಜಿ ಅತ್ತಲಿಂದ ಬಂದಳು. ಕೆಂಪು ಡಬ್ಬಿ, ಕೀಲಿ, ಸೀಳು, ಕುಂಕುಮ, ಎಲ್ಲ ನೋಡಿದಳು. ಸೆರಗಿನ ಗಂಟು ಬಿಚ್ಚಿ ನಾಣ್ಯವೊಂದನ್ನು ಒಳಗೆ ಹಾಕಿ ಗಲ್ಲ ಗಲ್ಲ ಬಡಿದುಕೊಂಡಳು.

"ಅಜ್ಜೀ, ಅದು ದೇವರಲ್ಲಬೇ! ಸೂಜಿ ಡಬ್ಬಿ!"

"ಹೌದೇನಪಾ? ಸೂಜೆವ್ವ! ನಮ್ಮೂರಾಗ ಈಕಿ ಗುಡಿ ಇಲ್ಲ ನೋಡು."

ಅದೇ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಹೆರಿಗೆ ಸಲೀಸಾಗಿ ಆಗಿತ್ತು. ಆ ಕೂಸಿಗೂ ಬೇರೆ ಗಳಿಗೆ ಸಿಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರೋಗಿಗಳ ಕಡೆಯವರೆಲ್ಲ ಸೂಜೆವ್ವನ ಮುಂದೆ ಸಾಲು ಹಚ್ಚಿದ್ದರು. ನಿಂಗರಾಜ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ. ಕೊನೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ: 'ಒಳಗೆ ಕೈ ಹಾಕಿದರೆ ಕಾಮಣಿ ಬರುತ್ತದೆ.'

ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಸೋಮವ್ವಜ್ಜಿ ಕಣ್ಣರಳಿಸಿ ಸಾರಿದಳು: "ಕೇಳಿದ್ರೇನ್ರೇ? ಹುಂಡಿಗೆ ಕೈ ಹಾಕಿ ತುಡುಗು ಮಾಡಿದವರಿಗೆ ಕಾಮಣಿ ಹಚ್ಚತಾಳಂತ! ಭಾಳ ಕಡಕ್ ದೇವಿ!"

ಅಲ್ಲಿಯತನಕ ಬರೀ ನಾಣ್ಯ ಬೀಳುತ್ತಿದ್ದವು. ಈಗ ತೆಂಗಿನಕಾಯಿ ಒಡೆಯತೊಡಗಿದವು.

ಯಶೋಧಾ ಇಂಜೆಕ್ಷನ್ ಕೊಟ್ಟು ಸೂಜಿ ಹಿಡಿದು ಬಂದಳು. ಸೀಳಿಗೆ ಕೈ ಚಾಚಿದ್ದೇ ತಡ, ವಾರ್ಡಿಗೆ ವಾರ್ಡೇ ಎದ್ದು ಕೂತಿತು. "ಏ ಸಿಸ್ಟರ್! ಮಂದಿಗೆ ಚುಚ್ಚಿದ ಸೂಜಿ ದೇವರಿಗೆ ಹಾಕ್ತೀರೇನ್ರಿ? ಬುದ್ಧಿ ಐತೋ ಇಲ್ಲೋ?"

ಯಶೋಧಾ ಬೆದರಿ ಸೂಜಿಯನ್ನು ಹಳೆಯ ರಟ್ಟಿನ ಪೆಟ್ಟಿಗೆಗೆ ಹಾಕಿದಳು. ಗದ್ದಲ ಕೇಳಿ ಡಾಕ್ಟರು ಬಂದು ಇಣುಕಿದರು.

"ಈಗ ಇದನ್ನ ಎತ್ತಿದ್ರ ಮಂದಿ ನನ್ನ ಎತ್ತತಾರ" ಎಂದರು ಮೆಲ್ಲಗೆ. "ಇದು ಇಲ್ಲೇ ಇರ್ಲಿ. ನೀ ಇನ್ನೊಂದು ಡಬ್ಬಿ ಮಾಡು."

ನಿಂಗರಾಜ ಸೋಲುವವನಲ್ಲ. ಮತ್ತೆ ಹೋಟೆಲಿಗೆ ಓಡಿ, ಕೈಕಾಲು ಹಿಡಿದು ಇನ್ನೊಂದು ಡಬ್ಬಿ ತಂದ. ಈ ಸಲ ಬಣ್ಣವಿಲ್ಲ, ಕೀಲಿಯಿಲ್ಲ; ಮುಚ್ಚಳಕ್ಕೆ ತಂತಿ ಬಿಗಿದ. ದೇವರು ಕನಸಿನಲ್ಲೂ ಕೂರದ ಜಾಗವೆಂದು ಬಚ್ಚಲ ಪಕ್ಕದಲ್ಲಿಟ್ಟ. ಕಾವಲು ಕೂತು, ಯಶೋಧಾಳ ಕೈಯಿಂದ ಮೊದಲ ಸೂಜಿ ಹಾಕಿಸಿದ. ಟಣ್ ಎಂದಿತು. ಆ ಸದ್ದಿಗೆ ಅವನ ಜೀವ ತಣ್ಣಗಾಯಿತು. ಇನ್ನು ತನಗೆ ಲಕ್ಕಪ್ಪನ ಗತಿಯಿಲ್ಲ ಎಂದುಕೊಂಡ.

ಅಷ್ಟರಲ್ಲಿ ಹೈವೇಯಲ್ಲಿ ಲಾರಿ ಮಗುಚಿ ಗಾಯಾಳುಗಳು ಬಂದರು. ನಿಂಗರಾಜ ಸ್ಟ್ರೆಚರ್ ಹಿಡಿದು ಓಡಿದ. ಎಲ್ಲ ಮುಗಿಸಿ ಬೆವರೊರೆಸುತ್ತ ಬಂದರೆ ಬಚ್ಚಲ ಪಕ್ಕದಲ್ಲಿ ಡಬ್ಬಿಯಿಲ್ಲ.

ಅದು ವಾರ್ಡಿನ ಬಾಗಿಲಲ್ಲಿತ್ತು. ಸೂಜೆವ್ವನ ಮಗ್ಗುಲಲ್ಲಿ, ಹಣೆತುಂಬ ಕುಂಕುಮ ಹೊತ್ತು ಕೂತಿತ್ತು.

"ಬಾಯವ್ವಾ!"

"ಒದರಬ್ಯಾಡೋ. ಗುಡಿಯಾಗ ದ್ಯಾಮವ್ವನ ಬಾಜೂಕ ದುರ್ಗವ್ವ ಇರಲಾರದ ಆಗತದೇನು? ಸೂಜೆವ್ವನ ತಂಗಿ, ಪಾಪ, ಬಚ್ಚಲದಾಗ ಒಬ್ಬಾಕಿನ ಕುಂತಿದ್ಲು. ನಾನ ಕರಕೊಂಡು ಬಂದೆ."

ನಿಂಗರಾಜ ಹಲ್ಲು ಕಚ್ಚಿದ. "ನಾಳೆ ಮೂರನೇ ಡಬ್ಬಿ ತರತೇನಿ. ನೋಡೇ ಬಿಡೂಣು!"

"ತಾರಪಾ, ಲಗೂನ ತಾ" ಎಂದಳು ಬಾಯವ್ವ ಖುಷಿಯಿಂದ. "ಅಕ್ಕ-ತಂಗಿ ಬಂದ ಮ್ಯಾಲ ಕಾವಲಿಗೆ ಪೋತರಾಜ ಬೇಕಲ್ಲ!"

ಹಾಗೆಂದವಳು, ಲಾರಿ ಗಾಯಾಳುಗಳ ಸೂಜಿಗಳಿಂದ ತುಂಬಿ ತುಳುಕುತ್ತಿದ್ದ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ಅವನ ಎದೆಗೊರಗಿಸಿದಳು. ತಳ ಮೆತ್ತಗಿತ್ತು.

"ಇದನ್ನ ಗುಂಡಿಗೆ ಹಾಕಿ ಬಾ. ಹುಷಾರೋ ತಮ್ಮಾ, ಸೂಜಿ ಚುಚ್ಚೀತು."