ಗುಂಗುರಣ್ಣನವರು ರಾಣಿಯ ತಲೆ ಬಾಚಿದ್ದು

ಗುಂಗುರಣ್ಣನವರ ತಲೆಗೂದಲಿನ ಬಗ್ಗೆ ಬೀದಿಯಲ್ಲಿ ಹಬ್ಬಿರುವ ಕಥೆಗಳಲ್ಲಿ ಅರ್ಧ ಸುಳ್ಳು. ಉಳಿದರ್ಧವನ್ನು ಹಬ್ಬಿಸಿದ್ದು ಅವರೇ. ಎಂಥ ಮಳೆಯಲ್ಲಿ ನಿಂತರೂ ನೀರು ಅವರ ನೆತ್ತಿ ತಲುಪುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದಂತೆ! ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲೊಂದು ಆ ಕಾಡಿನೊಳಗೆ ಕಣ್ಮರೆಯಾಗಿ, ಕೊನೆಗೆ ಕ್ಷೌರದ ಅಂಗಡಿಯಲ್ಲಿ ಪತ್ತೆಯಾಯಿತಂತೆ! ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕಸುಬು. "ಕೈಯಲ್ಲೂ ಸುರುಳಿ, ತಲೆಯಲ್ಲೂ ಸುರುಳಿ" ಎಂದು ತಾವೇ ಹೇಳಿ ತಾವೇ ನಗುತ್ತಿದ್ದರು.

ಈ ಸಾಮ್ರಾಜ್ಯದ ಏಕೈಕ ವಾರಸುದಾರಳು ಮಗಳು. ಅದೇ ಗುಂಗುರು, ಅಪ್ಪನಿಗಿಂತ ಒಂದು ಕೈ ಮೇಲು. ಶಾಲೆಯ ನಾಟಕದಲ್ಲಿ ಅವಳೇ ರಾಣಿ. ಊಟ ಮಾಡುವಾಗಲೂ, ಹಲ್ಲುಜ್ಜುವಾಗಲೂ ರಾಣಿಯ ಮಾತೇ.

ನಾಟಕದ ದಿನ, ನರ್ಸ್ ಆಗಿದ್ದ ಹೆಂಡತಿಗೆ ಬೆಳಗಿನ ಪಾಳಿ. "ರೀ, ನಾನು ಆಸ್ಪತ್ರೆಯಿಂದ ನೇರ ಶಾಲೆಗೇ ಬರ್ತೀನಿ. ಇವಳ ತಲೆ ನೆನೆಸಿ, ಕೈಬೆರಳಲ್ಲೇ ಬಿಡಿಸಿಟ್ಟಿದ್ದೀನಿ. ನೀವು ಮುಟ್ಟೋಕೆ ಹೋಗ್ಬೇಡಿ."

"ನಾನು ಮುಟ್ಟಬಾರದಾ? ಆ ಕೂದಲು ಕೊಟ್ಟಿದ್ದೇ ನಾನು!"

"ಕೊಟ್ಟಿದ್ದು ನೀವು. ನೋಡ್ಕೊಂಡಿದ್ದು ನಾನು."

ಆಕೆ ಅತ್ತ ಹೋದದ್ದೇ ತಡ, ಗುಂಗುರಣ್ಣನವರು ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು. ಎಡಗಡೆಯ ಸುರುಳಿ ಬಿಗಿ, ಬಲಗಡೆಯದು ಸಡಿಲ! ತಂತಿ ಸುತ್ತುವವನ ಕಣ್ಣಿಗೆ ಇದಕ್ಕಿಂತ ಅವಮಾನ ಬೇಕೆ? ಸುತ್ತು ತಪ್ಪಿದ್ದರೆ ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತಬೇಕು; ಕಸುಬಿನಲ್ಲಿ ಅವರು ಕಲಿತ ಮೊದಲ ಪಾಠ ಅದು. ಬಾಚಣಿಗೆ ಎತ್ತಿದರು. ಒಣಗಿದ್ದ ಗುಂಗುರನ್ನು ಒಂದೊಂದಾಗಿ ಬಿಚ್ಚಿದರು.

ಬಿಚ್ಚಿದ್ದೇನೋ ಆಯಿತು. ಆದರೆ ತಾಮ್ರ ಹೇಳಿದಂತೆ ಕೇಳುತ್ತದೆ, ಕೂದಲು ಕೇಳುತ್ತದೆಯೇ? ಪ್ರತಿಯೊಂದು ಎಳೆಯೂ ಸ್ವಾತಂತ್ರ್ಯ ಘೋಷಿಸಿಕೊಂಡು ಎದ್ದು ನಿಂತಿತು! ಬೆರಳಿಗೆ ಸುತ್ತಿದರು, ಪೈಪಿಗೆ ಸುತ್ತಿದರು, ಕೊನೆಗೆ ಅಂಗಡಿಯಿಂದ ಬ್ಲೋವರ್ ತಂದು ಗಾಳಿ ಊದಿದರು. ಮಗಳ ತಲೆ ಹತ್ತಿಯ ಮೂಟೆ ಒಡೆದಂತೆ ಹಿಗ್ಗಿತು.

ಮಗಳು ಕನ್ನಡಿ ನೋಡಿದಳು. "ಅಪ್ಪಾ... ನಾನೆಲ್ಲಿ?"

"ಒಳಗೇ ಇದ್ದೀಯ ಪುಟ್ಟಿ. ಹೆದರ್ಬೇಡ."

ಶಾಲೆಯಲ್ಲಿ ನಾಟಕದ ಟೀಚರು ರಟ್ಟಿನ ಕಿರೀಟ ಹಿಡಿದು ಬಂದವರು ಅಲ್ಲೇ ನಿಂತರು. ಮುಂದಿನಿಂದ ಇಟ್ಟರೆ ಕಿರೀಟ ಹಿಂದಕ್ಕೆ ಜಾರಿತು, ಹಿಂದಿನಿಂದ ಇಟ್ಟರೆ ಮುಂದಕ್ಕೆ ನೆಗೆಯಿತು.

"ಏನ್ರೀ ಇದು! ಕಿರೀಟ ಇಲ್ಲದ ರಾಣಿ ಯಾವ ಸೀಮೆ ರಾಣಿ? ಮಂತ್ರಿ ಪಾರ್ಟಿನ ಹುಡುಗಿಗೂ ರಾಣಿಯ ಮಾತೆಲ್ಲ ಬಾಯಿಪಾಠ. ಅವಳನ್ನೇ ರಾಣಿ ಮಾಡಿಬಿಡ್ತೀನಿ."

ಮಗಳ ತುಟಿ ನಡುಗಿತು. ಗುಂಗುರಣ್ಣನವರು ಟೀಚರಿಗೆ ಅಡ್ಡ ಬಂದರು. "ಟೀಚರ್, ತಪ್ಪು ನಂದು. ಅವಳಿಗೆ ಶಿಕ್ಷೆ ಕೊಡ್ಬೇಡಿ" ಎಂದು ಕೈ ಮುಗಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪರದೆ ಏಳತೊಡಗಿತು. ಮಗಳು ಟೀಚರ ಕೈಯಿಂದ ಕಿರೀಟ ಕಸಿದುಕೊಂಡು ರಂಗಕ್ಕೆ ನುಗ್ಗಿಯೇಬಿಟ್ಟಳು!

ಮಂತ್ರಿಗೂ ರಾಣಿಯಾಗುವ ಆಸೆ ಮೂಡಿತ್ತೋ ಏನೋ, ನಾಟಕದಲ್ಲಿ ಇಲ್ಲದ ಮಾತು ಎತ್ತಿದಳು: "ಮಹಾರಾಣಿ, ಕಿರೀಟವನ್ನೇಕೆ ಧರಿಸಿಲ್ಲ?"

ರಾಣಿ ಕಿರೀಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮಂತ್ರಿಗಳೇ, ಇದು ಸಣ್ಣಪುಟ್ಟ ರಾಣಿಯರ ಅಳತೆ. ನಮ್ಮ ತಲೆ ನೋಡಿದ್ದೀರಾ?" ಎಂದು ಅದನ್ನು ಮಂತ್ರಿಯ ಕೈಗಿತ್ತು, ಆ ಮಹಾಮಂಡಲವನ್ನು ಒಮ್ಮೆ ಕೊಡವಿ ಸಿಂಹಾಸನ ಏರಿದಳು.

ಸಭಾಂಗಣ ಚಪ್ಪಾಳೆಯಿಂದ ನಡುಗಿತು! ಟೀಚರೂ ತಟ್ಟುತ್ತಿದ್ದರು. ಪ್ರೇಕ್ಷಕರ ನಡುವೆ ಬಂದು ಕುಳಿತಿದ್ದ ಗುಂಗುರಣ್ಣನವರ ಎದೆ ಮಗಳ ತಲೆಯಷ್ಟೇ ಹಿಗ್ಗಿತು. ಸಮವಸ್ತ್ರದಲ್ಲೇ ಓಡಿಬಂದು ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ರಂಗವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಮುಟ್ಟಿದ್ರಿ ತಾನೆ?"

"ಧೈರ್ಯ ನೋಡೇ ಅವಳದು! ನಮ್ಮ ಮಗಳು!"

ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿದರು. "ರಾಣಿ ನಿಮ್ಮ ಮಗಳಾ? ಎಂಥಾ ಕೇಶಾಲಂಕಾರ ಅಂತೀನಿ! ಯಾರು ಮಾಡಿದ್ದು? ನಮ್ಮ ಹುಡುಗಿಗೂ ಹಾಗೇ ಮಾಡಿಸ್ಬೇಕು. ಏನೇನು ಮಾಡಿದ್ರಿ, ಸ್ವಲ್ಪ ಹೇಳಿ."

ಗುಂಗುರಣ್ಣನವರು ಗತ್ತಿನಿಂದ ಗಂಟಲು ಸರಿಮಾಡಿಕೊಂಡರು. ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು.

"ಬಿಚ್ಚಿದೆ ಅಮ್ಮ," ಎಂದರು. "ಮತ್ತೆ ಸುತ್ತೋಕೆ ಬರ್ಲಿಲ್ಲ."