ಬೀಗ ಹಾಕಿ ನೀರು ಬಿಡುವ ಹಡಗು

ಕಬ್ಬಿಣದ್ದು ಏನೇ ಕಂಡರೂ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಸದ್ದು ಕೇಳುವುದು ಆ ಅಂಕಲ್‌ರ ಅಭ್ಯಾಸ. ಅಬುಧಾಬಿಯ ಕಾರ್ಖಾನೆಗಳ ಪ್ರದೇಶವಾದ ಮುಸಫ್ಫಾದಲ್ಲಿ ಅವರದು ಕಬ್ಬಿಣದ ಫ್ಯಾಬ್ರಿಕೇಷನ್ ವರ್ಕ್‌ಶಾಪು. ಹಮ್ದಾನ್ ಸ್ಟ್ರೀಟಿನ ನಮ್ಮ ಟ್ರಾವೆಲ್ ಏಜೆನ್ಸಿಗೆ ಮೊದಲ ದಿನ ಹೆಂಡತಿಯೊಂದಿಗೆ ಬಂದವರು ಬಾಗಿಲಿನ ಹಿಡಿ ತಟ್ಟಿದರು, ಕುರ್ಚಿಯ ಕಾಲು ತಟ್ಟಿದರು, ಬ್ರೋಷರ್ ಇಡುವ ಸ್ಟ್ಯಾಂಡ್ ತಟ್ಟಿ, "ಇದು ಹೆಚ್ಚು ದಿನ ಬರ್ಲಿಕ್ಕಿಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿದರು. ನನ್ನನ್ನೂ ತಟ್ಟಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಒಳಗೆ ಬರೀ ಟೊಳ್ಳು ಎಂದು.

ನಾಚಿಕೆ ಸ್ವಭಾವದವರಲ್ಲಿಗೆ ನಾಚಿಕೆಗೇಡಿನ ಸಂಗತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ನನ್ನಲ್ಲಿಗೆ ಬಂದವುಗಳಲ್ಲಿ ಹೆಚ್ಚಿನವು ಈ ದಂಪತಿಯ ಜೊತೆಗೇ ಬಂದವು.

ನಾನು ಅಬುಧಾಬಿಯಲ್ಲೇ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಉತ್ತರಿಸುವುದು, ಇಬ್ಬರಿಗೂ ಅರ್ಧರ್ಧ ಅರ್ಥವಾಗುವುದು. ಆದರೂ ಕೆಲಸದ ಅರ್ಜಿಯಲ್ಲಿ ಕನ್ನಡ ನಿರರ್ಗಳ ಎಂದು ಬರೆದಿದ್ದೆ. ಕನ್ನಡ ಬಾರದ ಮ್ಯಾನೇಜರ್ ಅದನ್ನು ನಂಬಿ, ಊರಿನ ಗಿರಾಕಿಗಳು ಬರಲಿ ಎಂದು ಹೊಸದಾಗಿ ತೆರೆದ ರಿವರ್ ಕ್ರೂಸ್ ಕೌಂಟರಿನಲ್ಲಿ ಕೂರಿಸಿದರು. ಆರು ತಿಂಗಳ ಪ್ರೊಬೇಷನ್. ಅಷ್ಟರೊಳಗೆ ಯುರೋಪಿನ ಹೊಳೆಯಲ್ಲಿ ಹೋಗುವ ಐಷಾರಾಮಿ ಹಡಗಿಗೆ ಒಂದಾದರೂ ಬುಕಿಂಗ್ ಆಗಬೇಕು; ಇಲ್ಲದಿದ್ದರೆ ಖಲಾಸ್. ನಾನು ಮನೆಯಲ್ಲಿ ಕೂರುವುದನ್ನೇ ಅಮ್ಮ ಒಂದು ಕಟ್ಟು ಜಾತಕ ಹಿಡಿದುಕೊಂಡು ಕಾಯುತ್ತಿದ್ದರು. ಈ ಅಂಕಲ್ ಬಂದಾಗ ಐದನೆಯ ತಿಂಗಳು ನಡೆಯುತ್ತಿತ್ತು.

ಶೈಲಿ

ಗಿರಾಕಿಗೆ ಯಾವ ಕಂಪೆನಿಯ ಹಡಗು ಹೊಂದುತ್ತದೆ ಎಂದು ತಿಳಿಯಲು ಮೊದಲು ಅವರ ಟ್ರಾವೆಲ್ ಸ್ಟೈಲ್ ಕೇಳಬೇಕೆಂದು ಟ್ರೈನಿಂಗಿನಲ್ಲಿ ಹೇಳಿದ್ದರು. ನಾನು ಮನಸ್ಸಿನಲ್ಲೇ ಅನುವಾದ ಮಾಡಿ, "ಅಂಕಲ್, ನಿಮ್ಮ ಪ್ರಯಾಣದ ಶೈಲಿ ಯಾವುದು?" ಎಂದೆ.

ಅಂಕಲ್ ತಮ್ಮ ಅಂಗಿ ನೋಡಿಕೊಂಡು, "ಹೀಗೇ. ಪ್ಯಾಂಟು, ಶರ್ಟು. ಎಂತ, ಕೋಟು ಬೇಕಾ?" ಎಂದರು.

"ಅವಳು ಕೇಳಿದ್ದು ಅದಲ್ಲ ಮಾರ್ರೆ," ಎಂದರು ಆಂಟಿ. "ಊರಿಗೆ ಹೋಗುವಾಗ ನಮ್ಮದು ಮೂರು ರಟ್ಟಿನ ಪೆಟ್ಟಿಗೆ, ಸುತ್ತ ನೈಲಾನ್ ಹಗ್ಗ, ಮೇಲೆ ಇವರ ಹೆಸರು. ಮೂವತ್ತು ವರ್ಷದಿಂದ ಅದೇ ಶೈಲಿ."

ಆ ಮೂವತ್ತು ವರ್ಷಗಳಲ್ಲಿ ಅವರು ಊರು ಬಿಟ್ಟು ಬೇರೆಲ್ಲಿಗೂ ಹೋದದ್ದಿಲ್ಲ. ಒಮ್ಮೆ ದುಬೈಯಲ್ಲಿ ಡಿನ್ನರ್ ಕ್ರೂಸಿಗೆ ಹೋಗಿ, ಸೂಪು ಬರುವ ಮೊದಲೇ ಆಂಟಿ ವಾಂತಿ ಮಾಡಿಕೊಂಡಿದ್ದರು. ಸಮುದ್ರದ ಗಾಳಿ ತನಗೆ ಆಗುವುದಿಲ್ಲ, ಹೊಳೆಯಾದರೆ ಅಡ್ಡಿಯಿಲ್ಲ, ಶಾಲೆಗೆ ಹೋಗುತ್ತಿದ್ದದ್ದೇ ದೋಣಿಯಲ್ಲಿ ಎಂದು ಅವರ ವಾದ. ಹೊಳೆಯಲ್ಲೂ ದೊಡ್ಡ ಹಡಗು ಉಂಟೆಂದು ಯಾರಿಂದಲೋ ಕೇಳಿ ಅಂಕಲ್ ಕರೆದುಕೊಂಡು ಬಂದಿದ್ದರು.

ನಾನು ಫಾರ್ಮ್ ನೋಡಿದೆ. ಅದರಲ್ಲಿ ಇದ್ದದ್ದು ಮೂರೇ ಚೌಕ: ವಿಶ್ರಾಂತಿ, ಚಟುವಟಿಕೆ, ಸಂಸ್ಕೃತಿ. ಹಗ್ಗಕ್ಕೆ ಚೌಕ ಇರಲಿಲ್ಲ.

ಹೋಗಿ ಬಂದವಳು

ಚಟುವಟಿಕೆಯ ಕಂಪೆನಿಯವರು ಪ್ರತಿ ಊರಿನಲ್ಲೂ ಇಳಿಸಿ ಸೈಕಲ್ ಕೊಡುತ್ತಾರೆ ಎಂದೆ. ಮುಸಫ್ಫಾಕ್ಕೆ ಬಂದ ಹೊಸತರಲ್ಲಿ ಆರು ವರ್ಷ ಸೈಕಲ್ ತುಳಿದದ್ದು ಸಾಕು, ಇನ್ನು ರಜೆ ಹಾಕಿ ತುಳಿಯಬೇಕಾ ಎಂದು ಅಂಕಲ್ ಕೇಳಿದರು. ಸಂಸ್ಕೃತಿಯ ಕಂಪೆನಿಯವರು ರಾತ್ರಿ ಊಟದ ಮೊದಲು ಚರಿತ್ರೆಯ ಮೇಲೆ ಉಪನ್ಯಾಸ ಕೊಡುತ್ತಾರೆ ಎಂದೆ. ಊಟದ ಮೊದಲು ಭಾಷಣ ಇಲ್ಲಿಯ ನಮ್ಮ ಸಂಘದಲ್ಲೇ ಉಂಟಲ್ಲ, ಅದಕ್ಕೆ ಯುರೋಪು ಯಾಕೆ ಎಂದರು ಆಂಟಿ.

ಆಮೇಲೆ ಅವರು ನನ್ನ ಕಡೆ ಬಾಗಿ, "ನೀನು ಹೋಗಿದ್ದೀಯಾ ಮಗಾ?" ಎಂದು ಕೇಳಿದರು.

ಗಿರಾಕಿ ಹಾಗೆ ಕೇಳಿದರೆ ಇಲ್ಲ ಎನ್ನಬಾರದು ಎಂಬುದು ಮ್ಯಾನೇಜರ್ ಹಾಕಿದ ನಿಯಮ. ಅವರು ಹಿಂದಿನ ಮೇಜಿನಲ್ಲೇ ಕೂತಿದ್ದರು. ನಾನು ಜೀವಮಾನದಲ್ಲಿ ಹತ್ತಿದ ಒಂದೇ ಜಲವಾಹನ ದುಬೈ ಕ್ರೀಕ್ ದಾಟಿಸುವ ಅಬ್ರಾ ಎಂಬ ಮರದ ದೋಣಿ. ಪ್ರಯಾಣದ ಅವಧಿ ಐದು ನಿಮಿಷ. ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದೆ.

"ಹೂಂ ಆಂಟಿ," ಎಂದೆ.

"ಹೇಗಿತ್ತು?"

"ಕಣ್ಣು ಮುಚ್ಚಿದರೆ ನೀರಿನ ಮೇಲೆ ಇದ್ದೇವೆಂದೇ ಗೊತ್ತಾಗುವುದಿಲ್ಲ," ಎಂದೆ. ಅಷ್ಟು ಮಾತ್ರ ಅನುಭವದ ಮಾತು.

ಬಟ್ಲರ್

ಉಳಿದದ್ದು ವಿಶ್ರಾಂತಿಯ ಕಂಪೆನಿ. ಅದರಲ್ಲಿ ಪ್ರತಿ ಕೋಣೆಗೂ ಬಟ್ಲರ್ ಇರುತ್ತಾನೆ ಎಂದು ನಾನು ಹೆಮ್ಮೆಯಿಂದ ಹೇಳಿದೆ.

"ಯಾವ ಊರಿನವ?" ಎಂದರು ಆಂಟಿ ತಕ್ಷಣ.

ಅಂಕಲ್ ಮಾತ್ರ ಸ್ವಲ್ಪ ಹೊತ್ತು ಮೇಜಿನ ಸ್ಟೇಪ್ಲರನ್ನು ತಟ್ಟುತ್ತಾ ಕೂತರು. ಆಮೇಲೆ ಮೆಲ್ಲಗೆ, "ನಮ್ಮ ಅಪ್ಪ ಬೊಂಬಾಯಿಯಲ್ಲಿ ಬಟ್ಲರ್ ಆಗಿದ್ದರು. ಒಬ್ಬ ಬಿಳಿಯ ದೊರೆಯ ಬಂಗಲೆಯಲ್ಲಿ," ಎಂದರು.

ನನಗೆ ಮೇಜಿನ ಕೆಳಗೆ ಹೋಗಿಬಿಡಬೇಕೆನಿಸಿತು. ಸಾರಿ ಅಂಕಲ್, ಬೇಡದಿದ್ದರೆ ಬೇಡ ಎನ್ನಬಹುದು ಎಂದು ತಡವರಿಸಿದೆ.

"ಯಾಕೆ ಬೇಡ? ಬರ್ಲಿ. ಕೂತು ಮಾತಾಡ್ತೇನೆ. ಅಪ್ಪನ ಹತ್ರ ಕೇಳ್ಲಿಕ್ಕೆ ಬಿಟ್ಟುಹೋದದ್ದು ತುಂಬ ಉಂಟು," ಎಂದರು ಅಂಕಲ್.

ಆಂಟಿಗೆ ಬೇರೆಯೇ ಚಿಂತೆ. "ಅವ ಎಷ್ಟು ಗಂಟೆಗೆ ಬರ್ತಾನೆ ಕೇಳು. ಅವ ಬರುವ ಮೊದಲು ನಾನು ಎದ್ದು ರೂಮು ಗುಡಿಸಬೇಕಲ್ಲ."

ಫ್ರಾನ್ಸಿನ ಬಾಲ್ಕನಿ

ಎರಡನೆಯ ಸಲ ಬಂದಾಗ ಕೋಣೆ ಆರಿಸುವ ಕೆಲಸ. ಇದಕ್ಕೆ ಫ್ರೆಂಚ್ ಬಾಲ್ಕನಿ ಇದೆ ಎಂದೆ. ಫ್ರೆಂಚ್ ಎಂದರೆ ಗೊತ್ತಿಲ್ಲವಾ, ನಮ್ಮ ಮಗಳು ಇರುವುದೇ ಫ್ರಾನ್ಸಿನಲ್ಲಿ ಎಂದು ಆಂಟಿ ಖುಷಿಯಾದರು. ಬಾಲ್ಕನಿ ಒಳ್ಳೇದುಂಟು, ಎರಡು ಬೆಡ್‌ಶೀಟು ಒಣಗುತ್ತದೆ ಎಂದರು. ಪ್ಯಾರಿಸ್ಸಾ ಎಂದು ನಾನು ಬೆರಗಿನಿಂದ ಕೇಳಿದೆ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಬಾಡಿಗೆ ಮನೆಗಳ ಸಾಲುಗಳಿಗೆ ದೇಶಗಳ ಹೆಸರಿಟ್ಟಿದ್ದಾರೆಂದು, ಮಗಳ ಮನೆ ಫ್ರಾನ್ಸ್ ಕ್ಲಸ್ಟರಿನಲ್ಲಿ ಎಂದು ಅಂಕಲ್ ಬಿಡಿಸಿ ಹೇಳಬೇಕಾಯಿತು.

ಹಡಗಿನ ಫ್ರೆಂಚ್ ಬಾಲ್ಕನಿಯೆಂದರೆ ಗಾಜಿನ ಬಾಗಿಲು, ಅದಕ್ಕೆ ತಾಗಿಯೇ ಕಂಬಿ, ಹೊರಗೆ ಕಾಲಿಡಲು ಜಾಗ ಇರುವುದಿಲ್ಲ ಎಂದು ನಾನು ವಿವರಿಸಿದೆ.

"ನಿಲ್ಲಲಿಕ್ಕೆ ಜಾಗ ಇಲ್ಲದ್ದು ಬಾಲ್ಕನಿ ಹೇಗೆ ಆಗ್ತದೆ? ಅದು ಕಿಟಕಿ," ಎಂದರು ಆಂಟಿ.

ಅಂಕಲ್ ಫೋಟೋವನ್ನೇ ಎರಡು ಸಲ ತಟ್ಟಿ, "ಬೆಡ್‌ಶೀಟು ಒಣಗಿಸ್ಲಿಕ್ಕೆ ಸ್ಟ್ಯಾಂಡ್ ಎಷ್ಟು ಉದ್ದ ಬೇಕು ಕೇಳು. ಹೋಗುವಾಗ ವರ್ಕ್‌ಶಾಪಿನಿಂದ ಮಾಡಿಸಿಕೊಂಡೇ ಹೋಗುವ. ಪುನಃ ಬರುವಾಗ ಬಿಚ್ಚಿ ತಂದರಾಯ್ತು," ಎಂದರು.

ಬೀಗ

ಪ್ರೊಬೇಷನ್ ಮುಗಿಯಲು ಮೂರು ವಾರವಿತ್ತು. ಎಲ್ಲ ತೀರ್ಮಾನವಾಗಿ ಅಂಕಲ್ ಪೆನ್ನು ತೆಗೆದಿದ್ದರು. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ದಾರಿಯಲ್ಲಿ ಬರುವ ಲಾಕ್‌ಗಳ ಬಗ್ಗೆ ಗಿರಾಕಿಗೆ ಮೊದಲೇ ಹೇಳಬೇಕೆಂದು ಟ್ರೈನಿಂಗಿನಲ್ಲಿ ಕಲಿಸಿದ್ದರು. ಹೊಳೆಯ ಮಟ್ಟ ಒಂದು ಕಡೆ ತಗ್ಗು, ಒಂದು ಕಡೆ ಎತ್ತರ ಇರುವಲ್ಲಿ ಹಡಗನ್ನು ಎರಡು ಗೇಟಿನ ನಡುವೆ ನಿಲ್ಲಿಸಿ, ನೀರು ತುಂಬಿಸಿ ಎತ್ತುವ ವ್ಯವಸ್ಥೆ ಅದು. ಇಷ್ಟು ಕನ್ನಡ ನನಗೆ ಈಗ ಬರುತ್ತದೆ. ಅವತ್ತು ಲಾಕ್ ಎಂದರೆ ಬೀಗ ಎಂದು ಮಾತ್ರ ಗೊತ್ತಿತ್ತು.

"ಆಂಟಿ, ದಾರಿಯಲ್ಲಿ ತುಂಬ ಕಡೆ ಹಡಗಿಗೆ ಬೀಗ ಹಾಕುತ್ತಾರೆ," ಎಂದೆ.

"ಬೀಗವಾ? ನಾವು ಒಳಗೆ ಇರುವಾಗಲಾ?"

"ಹೌದು. ಬೀಗ ಹಾಕಿ ನೀರು ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಮೇಲೆ ಹೋಗುತ್ತೇವೆ."

ಆಂಟಿ ಚೀಲ ಎತ್ತಿಕೊಂಡರು. ಹಿಂದಿನ ಬೇಸಗೆಯಲ್ಲಿ ಇದೇ ಬೀದಿಯ ಒಂದು ಕಟ್ಟಡದ ಲಿಫ್ಟಿನಲ್ಲಿ ಅವರು ಒಂದು ಗಂಟೆ ಸಿಕ್ಕಿಬಿದ್ದಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ಧೈರ್ಯ ತುಂಬಲು ನಾನು, "ಹೆದರಬೇಡಿ ಆಂಟಿ, ಕೆಲವು ಕಡೆ ಮೇಲೆ ಹೋಗುತ್ತೇವೆ, ಕೆಲವು ಕಡೆ ಕೆಳಗೆ ಹೋಗುತ್ತೇವೆ," ಎಂದು ಸೇರಿಸಿದೆ.

"ಮೇಲೆ ಹೋಗುವುದು ಯಾರು, ಕೆಳಗೆ ಹೋಗುವುದು ಯಾರು ಅಂತ ಚೀಟಿ ಎತ್ತುತ್ತಾರಾ?" ಎಂದರು ಅಂಕಲ್.

ಹಿಂದಿನಿಂದ ಮ್ಯಾನೇಜರ್ ಎದ್ದು ಬಂದು, ಹೆಂಗಸಿಗೆ ನೀನು ಏನು ಹೇಳಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸೇಫ್ಟಿ ಬಗ್ಗೆ ಹೇಳಿದೆ ಎಂದೆ.

ಕೊನೆಗೆ ಅಂಕಲ್ ಬ್ರೋಷರಿನ ಚಿತ್ರ ನೋಡಿ, ನಮ್ಮೂರಿನ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವುದಿಲ್ಲವಾ, ಅದೇ ಇದು, ಹಲಗೆಯ ಬದಲು ಕಬ್ಬಿಣದ ಗೇಟು ಎಂದು ಹೆಂಡತಿಗೆ ಹೇಳಿದರು. ಆಂಟಿಗೆ ಗೇಟಿನ ಮೇಲೆ ನಂಬಿಕೆ ಬರಲಿಲ್ಲ. ತುಂಬ ಹೊತ್ತು ನನ್ನನ್ನೇ ನೋಡಿದರು.

"ಇವಳಿಗೂ ಬೀಗ ಹಾಕಿದ್ದಾರಲ್ಲ. ತಿರುಗಿ ಬಂದು ಇಲ್ಲಿ ಕೂತಿಲ್ಲವಾ? ನಿನ್ನನ್ನು ನಂಬಿ ಹೊರಟಿದ್ದೇನೆ ಮಗಾ," ಎಂದು ಅಂಕಲ್‌ಗೆ ಸಹಿ ಹಾಕಲು ಹೇಳಿದರು.

ನಿಜ ಹೇಳಲು ನನಗೆ ಆಗ ಒಂದು ನಿಮಿಷ ಇತ್ತು. ಆ ನಿಮಿಷದಲ್ಲಿ ನಾನು ಪೆನ್ನಿನ ಮುಚ್ಚಳ ಹುಡುಕಿಕೊಟ್ಟೆ.

ಕಾರವಾರದವ

ಪ್ರೊಬೇಷನ್ನಿನ ಕೊನೆಯ ದಿನ. ಮ್ಯಾನೇಜರ್ ನನ್ನ ಕೆಲಸ ಖಾಯಂ ಮಾಡುವ ಪತ್ರವನ್ನು ಮುಂದಿಟ್ಟುಕೊಂಡಿದ್ದರು. ಅಷ್ಟರಲ್ಲಿ ನನ್ನ ಮೊಬೈಲಿಗೆ ಡ್ಯಾನ್ಯೂಬ್ ಹೊಳೆಯಿಂದ ಆಂಟಿಯ ವಾಯ್ಸ್ ಮೆಸೇಜು. ಗಿರಾಕಿ ಖುಷಿಯಾಗಿದ್ದಾರೋ ಕೇಳೋಣ, ಜೋರಾಗಿ ಹಾಕು ಎಂದರು ಮ್ಯಾನೇಜರ್. ಹಾಕಿದೆ.

"ಮಗಾ, ಈಗ ಬೀಗ ಹಾಕಿದ್ರು. ಎರಡು ಬದಿಗೂ ಗೋಡೆ. ನಾನು ಹೆದರಲಿಲ್ಲ. ಪಕ್ಕದಲ್ಲಿ ಒಬ್ಬಳು ಬಿಳಿ ಮುದುಕಿ ಹೆದರಿ ನಿಂತಿದ್ದಳು, ಅವಳ ಕೈ ನಾನೇ ಹಿಡಿದುಕೊಂಡಿದ್ದೇನೆ." ನಡುವೆ ಟಣ್ ಟಣ್ ಎಂದು ಎರಡು ಸಲ ಸದ್ದು. "ಅದು ಇವರು. ಗೋಡೆಯ ಕಬ್ಬಿಣದ ಏಣಿ ತಟ್ಟಿದ್ದು. ವೆಲ್ಡಿಂಗ್ ಒಳ್ಳೇದುಂಟಂತೆ."

ಒಂದಕ್ಷರ ಅರ್ಥವಾಗದಿದ್ದರೂ ಮ್ಯಾನೇಜರ್ ಮುಖ ಅರಳಿತು. ವೆರಿ ಹ್ಯಾಪಿ ಕಸ್ಟಮರ್ ಎನ್ನುತ್ತಾ ಪತ್ರಕ್ಕೆ ಸಹಿ ಹಾಕಿ ನನ್ನ ಕಡೆ ಸರಿಸಿದರು. ನಾನು ಪತ್ರ ಹಿಡಿದುಕೊಂಡೆ. ಅಷ್ಟರಲ್ಲಿ ಎರಡನೆಯ ಮೆಸೇಜು ಬಂತು. ಅದನ್ನೂ ಹಾಕು, ಚೆನ್ನಾಗಿ ಮಾತಾಡುತ್ತಾರೆ ಎಂದು ಅವರು ಕುರ್ಚಿಗೆ ಒರಗಿದರು.

"ಹೇಳ್ಲಿಕ್ಕೆ ಮರೆತೆ ಮಗಾ. ನಮ್ಮ ಬಟ್ಲರ್ ಕಾರವಾರದವ. ಚಂದ ಕನ್ನಡ ಮಾತಾಡ್ತಾನೆ. ಇದಕ್ಕೆ ಬೀಗ ಅಂತ ಹೇಳುವುದಲ್ಲ ಅಂತೆ. ಆರು ವರ್ಷದಿಂದ ಇದೇ ಹಡಗಿನಲ್ಲಿ ಇದ್ದಾನೆ. ಅಬುಧಾಬಿಯಿಂದ ಒಬ್ಬಳು ಕನ್ನಡದ ಹುಡುಗಿ ಬಂದಿದ್ದಳಲ್ಲ ಅಂತ ನಿನ್ನ ಗುರುತು ಹೇಳಿದೆ, ಎಷ್ಟು ಯೋಚಿಸಿದರೂ ಪಾಪ ಅವನಿಗೆ ನೆನಪಾಗುವುದಿಲ್ಲ. ಇಲ್ಲೇ ಪಕ್ಕದಲ್ಲಿ ನಿಂತಿದ್ದಾನೆ. ನೀನು ಬಂದಾಗ ಹಡಗಿನಲ್ಲಿ ತೆಗೆಸಿದ ಒಂದು ಫೋಟೋ ಕಳಿಸು ಮಗಾ, ತೋರಿಸ್ತೇನೆ."